ದಂಡಿನ ಬಾಯಿಗೆ ಬಿದ್ದ ಮಾತುಗಳು

ಇಂಗ್ಲೆಂಡಿನಲ್ಲಿ ಯಾರಾದರೂ ಸೆರೆಮನೆ ಸೇರಿದರೆ ಅವನು 'ಚೋಕಿ'ಗೆ ಹೋದ ಎಂದು ಆಡುಮಾತಿನಲ್ಲಿ ಹೇಳುವುದುಂಟು. ರೋಲ್ಡ್ ಡಾಲ್ 1988ರಲ್ಲಿ ಪ್ರಕಟಿಸಿದ 'ಮಟಿಲ್ಡಾ' ಎಂಬ ಮಕ್ಕಳ ಕಾದಂಬರಿಯಲ್ಲಿ, ಮುಖ್ಯೋಪಾಧ್ಯಾಯಿನಿಯು ಮಕ್ಕಳನ್ನು ಕೂಡಿಹಾಕುವ ಇಕ್ಕಟ್ಟಿನ ಕಪಾಟಿಗೂ ಇದೇ ಹೆಸರು. ಅದನ್ನು ಓದಿ ಹೆದರಿದ ಇಂಗ್ಲಿಷ್ ಮಕ್ಕಳಿಗೆ ಈ ಪದ ಎಲ್ಲಿಂದ ಬಂತೆಂಬುದು ಗೊತ್ತಿರಲಾರದು. ಕನ್ನಡಿಗರಿಗೆ ಮಾತ್ರ ಅದನ್ನು ಗುರುತಿಸಲು ನಿಘಂಟು ಬೇಕಿಲ್ಲ. ಅದು ನಮ್ಮ ಚೌಕಿ. ಸುಂಕದ ಚೌಕಿ, ಪೊಲೀಸ್ ಚೌಕಿ ಎನ್ನುವಾಗ ಬರುವ ಅದೇ ಚೌಕಿ.

ಇಂಥ ಪದಗಳು ಬ್ರಿಟಿಷರ ಆಡುಮಾತಿನಲ್ಲಿ ಒಂದೆರಡಲ್ಲ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ, ಯುದ್ಧದ ಚಲನಚಿತ್ರಗಳಲ್ಲಿ 'ಬ್ಲೈಟಿ', 'ಕುಶಿ', 'ಡೆಕ್ಕೊ', 'ಪಕ್ಕಾ', 'ಬಕ್ಷಿ', 'ಡೂಲಾಲಿ' ಮುಂತಾದ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವು ಆಕ್ಸ್‌ಫರ್ಡಿನ ಪಂಡಿತರು ಸಂಸ್ಕೃತ, ಪಾರಸಿ ಕಲಿತು ಕೊಂಡೊಯ್ದ ಪದಗಳಲ್ಲ. ಭಾರತದ ದಂಡುಪ್ರದೇಶಗಳಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಡ ಬಿಳಿಯ ಸಿಪಾಯಿಗಳು ಅಡುಗೆಯವನಿಂದ, ಅಗಸನಿಂದ, ಬಂಡಿ ಹೊಡೆಯುವವನಿಂದ ಕೇಳಿ, ಬಾಯಿಗೆ ಬಂದಂತೆ ತಿರುಚಿ ಮನೆಗೆ ಹೊತ್ತೊಯ್ದ ಮಾತುಗಳು. ರಾಜರ ಪತ್ರಗಳೂ ಗವರ್ನರುಗಳ ವರದಿಗಳೂ ಹೇಳದ ಒಂದು ಚರಿತ್ರೆ ಇವುಗಳಲ್ಲಿದೆ. ಯಾರಿಗೆ ಹಸಿವಾಗಿತ್ತು, ಯಾರಿಗೆ ಊರಿನ ನೆನಪು ಕಾಡುತ್ತಿತ್ತು, ಯಾರು ಯಾರನ್ನು ಕೀಳಾಗಿ ಕಂಡರು ಎಂಬ ಚರಿತ್ರೆ ಅದು.

ಕಚೇರಿಯ ಮಾತು, ಬೀದಿಯ ಮಾತು

ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥ ನದಿಯ ದಡದಲ್ಲಿ ಕಟ್ಟೆಮಳಲವಾಡಿ ಎಂಬ ಊರಿದೆ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಈ ನದಿಗೆ ಇಲ್ಲಿ ಅಡ್ಡಗಟ್ಟೆ ಇದೆ. ಊರಿನ ಹೆಸರಿನಲ್ಲೇ ಕಟ್ಟೆಯೂ ಇದೆ, ಮಳಲೂ ಇದೆ. ಆದರೆ ನೀರಾವರಿ ಇಲಾಖೆಯ ಕಡತದಲ್ಲಿ ಇದು 'ಕಟ್ಟೆಮಳಲವಾಡಿ ಆನಿಕಟ್'. ತಮಿಳಿನ ಅಣೈಕಟ್ಟು, ಕನ್ನಡದ ಅಣೆಕಟ್ಟು ಇಂಗ್ಲಿಷ್ ಇಂಜಿನಿಯರುಗಳ ಬಾಯಲ್ಲಿ ಆನಿಕಟ್ ಆಯಿತು; ಆಮೇಲೆ ಅದೇ ಪದ ಇಂಗ್ಲಿಷ್ ಪದವೆಂಬ ಠೀವಿಯಿಂದ ನಮ್ಮ ಕಡತಗಳಿಗೆ ಮರಳಿ ಬಂತು. ಹಾಗಾಗಿ ಈ ಊರಿನ ಕಟ್ಟೆಗೆ ಒಂದೇ ಹೆಸರನ್ನು ಎರಡು ಸಲ ಇಟ್ಟಂತಾಗಿದೆ. ಮೊದಲ 'ಕಟ್ಟೆ' ಊರವರದು, ಕೊನೆಯ 'ಕಟ್' ದೊರೆಗಳದು.

ಆನಿಕಟ್ ಕಚೇರಿಯ ಮಾತು. ಅದಕ್ಕೆ ಕಾಗದ, ಮೊಹರು, ನಕ್ಷೆಗಳ ಆಸರೆ ಇತ್ತು. ಬೀದಿಯ ಮಾತಿಗೆ ಅಂಥ ಆಸರೆ ಇರಲಿಲ್ಲ. ಅದು ಹುಟ್ಟಿದ್ದು ಹುಣಸೂರಿನಂಥ ಊರುಗಳ ಜೊತೆ ದಂಡು ನಡೆಸಿದ ದಿನನಿತ್ಯದ ವ್ಯವಹಾರದಲ್ಲಿ.

1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಸೇನೆಗೆ ಈ ಸೀಮೆಯಲ್ಲಿ ಮೊದಲು ಬೇಕಾದದ್ದು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿದ್ದ, ಟಿಪ್ಪು 'ಅಮೃತ ಮಹಲ್' ಎಂದು ಹೆಸರಿಟ್ಟ ದನಗಳ ಇಲಾಖೆ ಅವರ ಕೈಗೆ ಬಂತು. ತೋಪುಗಳನ್ನು ಎಳೆದುಕೊಂಡು ಬಿರುಸಾಗಿ ನಡೆಯುತ್ತಿದ್ದ ಆ ಎತ್ತುಗಳನ್ನು ಆರ್ಥರ್ ವೆಲ್ಲೆಸ್ಲಿ ಮೆಚ್ಚಿಕೊಂಡಿದ್ದ. ಹುಣಸೂರು ಈ ಇಲಾಖೆಯ ಕೇಂದ್ರವಾಯಿತು. ಅದಲ್ಲದೆ ಮದರಾಸು ಸೈನ್ಯದ ಸರಬರಾಜು ಇಲಾಖೆ 1864ರವರೆಗೆ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಂಗಳವನ್ನು ನಡೆಸುತ್ತಿತ್ತು. ಅದು ಮುಚ್ಚಿದ ಮೇಲೂ ಅಲ್ಲಿ ಕೆಲಸ ಕಲಿತವರು ಬೂಟು, ಚರ್ಮದ ಚೀಲ, ಒಳ್ಳೆಯ ಕಂಬಳಿ, ಗಾಡಿಗಳನ್ನು ಮಾಡುತ್ತಲೇ ಇದ್ದರೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ.

ಬೂಟು ಹೊಲಿಯುವವನೂ ಅದನ್ನು ತೊಡುವವನೂ ಮಾತನಾಡದೆ ವ್ಯವಹಾರ ನಡೆಯದು. ಒಬ್ಬನಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬನಿಗೆ ಕನ್ನಡವೂ ಬಾರದು, ಹಿಂದೂಸ್ತಾನಿಯೂ ಅಷ್ಟಕ್ಕಷ್ಟೇ. ಇಂಥ ಕಡೆಗಳಲ್ಲಿ ನಡುವಿನ ಒಂದು ಹರಕು ಭಾಷೆ ಬೆಳೆಯುತ್ತದೆ. ಬಂಡಿ 'ಬ್ಯಾಂಡಿ'ಯಾಯಿತು, ಕಂಬಳಿ 'ಕಂಬ್ಲಿ'ಯಾಯಿತು, ಗೋಣಿ 'ಗನ್ನಿ'ಯಾಯಿತು. ನಾಡಿನವರ ಭಾಷೆಯಲ್ಲಿ ಹೇಗೋ ನಾಲ್ಕು ಮಾತಾಡುವುದಕ್ಕೆ ಸಿಪಾಯಿಗಳು 'ಬಾತ್ ಬೀಸುವುದು' ಎನ್ನುತ್ತಿದ್ದರು. 'ಬಾತ್' ಎಂದರೆ ಹಿಂದೂಸ್ತಾನಿಯಲ್ಲಿ ಮಾತು.

ಹಾಬ್ಸನ್ ಮತ್ತು ಜಾಬ್ಸನ್

ಈ ಮಾತುಗಳನ್ನು ಕೂಡಿಹಾಕಿದ ದೊಡ್ಡ ನಿಘಂಟು 1886ರಲ್ಲಿ ಹೊರಬಂತು. ಹೆಸರು 'ಹಾಬ್ಸನ್-ಜಾಬ್ಸನ್'. ಇವರಿಬ್ಬರು ಯಾರೋ ಪಂಡಿತರಿರಬೇಕು ಎಂದುಕೊಂಡರೆ ತಪ್ಪಾದೀತು. ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು 'ಯಾ ಹಸನ್, ಯಾ ಹುಸೇನ್' ಎಂದು ಕೂಗುವುದು ಬಿಳಿಯ ಸಿಪಾಯಿಗಳ ಕಿವಿಗೆ 'ಹಾಬ್ಸನ್ ಜಾಬ್ಸನ್' ಎಂದು ಕೇಳಿಸಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಆಚರಿಸುವ ಬಾಬಯ್ಯನ ಹಬ್ಬದ ಶೋಕದ ಕೂಗು ಹೀಗೆ ಇಬ್ಬರು ಇಂಗ್ಲಿಷ್ ಸದ್ಗೃಹಸ್ಥರ ಹೆಸರಿನಂತಾಯಿತು. ಅಪರಿಚಿತ ಶಬ್ದವನ್ನು ಪರಿಚಿತ ಶಬ್ದವಾಗಿ ಕೇಳಿಸಿಕೊಳ್ಳುವುದೇ ಈ ಆಡುಮಾತಿನ ಗುಟ್ಟಾದ್ದರಿಂದ ಸಂಪಾದಕರು ನಿಘಂಟಿಗೆ ಅದೇ ಹೆಸರಿಟ್ಟರು.

ಸಂಪಾದಕರಲ್ಲಿ ಹೆನ್ರಿ ಯೂಲ್ ಬಂಗಾಳದಲ್ಲಿ ಸೇನಾ ಇಂಜಿನಿಯರ್ ಆಗಿದ್ದವನು. ಇನ್ನೊಬ್ಬ ಎ.ಸಿ. ಬರ್ನೆಲ್ ಮದರಾಸು ಸಿವಿಲ್ ಸರ್ವಿಸಿನವನು, ಮಂಗಳೂರಿನಲ್ಲಿಯೂ ಅಧಿಕಾರಿಯಾಗಿದ್ದ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕವನ್ನು 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಅಚ್ಚು ಹಾಕಿತು. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನೂ ಅವನೇ. ನಿಘಂಟು ಅಚ್ಚಾಗುವ ಮುನ್ನ, 1882ರಲ್ಲಿ, ಬರ್ನೆಲ್ ತೀರಿಕೊಂಡ.

ರೊಟ್ಟಿ, ಗಂಜಿ ಮತ್ತು ಲಾಕಪ್ಪು

ಸಿಪಾಯಿಯ ಆಡುಮಾತು ಮೊದಲು ಹುಟ್ಟುವುದು ಹೊಟ್ಟೆಯ ಸುತ್ತ. ರೊಟ್ಟಿ 'ರೂಟಿ'ಯಾಯಿತು. ಚಹ 'ಚಾರ್' ಆಯಿತು. ದೇಗ್ಚಿ ಎಂಬ ಅಡುಗೆಯ ಪಾತ್ರೆ 'ಡಿಕ್ಸಿ'ಯಾಯಿತು. ಬಹುಕಾಲ ಒಳ್ಳೆಯ ನಡತೆಯಿಂದ ಸೇವೆ ಮಾಡಿದ್ದಕ್ಕೆ ಸರ್ಕಾರ ಕೊಡುತ್ತಿದ್ದ ಪದಕವನ್ನು ಸಿಪಾಯಿಗಳು 'ರೂಟಿ ಗಾಂಗ್' ಎಂದು ಹಂಗಿಸುತ್ತಿದ್ದರು. ಅಷ್ಟು ವರ್ಷ ಸರ್ಕಾರದ ರೊಟ್ಟಿ ತಿಂದದ್ದಕ್ಕೆ ಸಿಕ್ಕ ಜಾಗಟೆ ಎಂದು ಅದರ ಅರ್ಥ. ಶೌರ್ಯ, ಸಾಮ್ರಾಜ್ಯ, ರಾಣಿಯ ಸೇವೆ ಎಂದು ಮೇಲಿನವರು ಎಷ್ಟೇ ಹೇಳಲಿ, ಕೆಳಗಿನವನಿಗೆ ತನ್ನ ಕೆಲಸ ರೊಟ್ಟಿಯ ಲೆಕ್ಕವೆಂಬುದು ಗೊತ್ತಿತ್ತು.

ಗಂಜಿಯ ಕಥೆ ಇನ್ನೂ ಸ್ವಾರಸ್ಯದ್ದು. ಪಲ್ಟನ್ನಿನ ಲಾಕಪ್ಪಿಗೆ 'ಕಾಂಜಿ ಹೌಸ್' ಎಂಬ ಹೆಸರಿತ್ತು. ಒಳಗೆ ಹಾಕಿದವನಿಗೆ ಗಂಜಿಯೇ ಗತಿಯಾದ್ದರಿಂದ ಆ ಹೆಸರು. ಗಂಜಿಗೂ ಸೆರೆಮನೆಗೂ ಇರುವ ಈ ನಂಟಿನ ಹಳೆಯ ಸಾಕ್ಷಿ ಬೆಂಗಳೂರಿನದೇ ಆಗಿದೆ. ಹೈದರಾಲಿಯ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕನೊಬ್ಬನ ಹಾಡೊಂದನ್ನು 1784ರದೆಂದು 'ಹಾಬ್ಸನ್-ಜಾಬ್ಸನ್' ಉದಾಹರಿಸುತ್ತದೆ. ಬೆಂಗಳೂರಿನ ಜೈಲಿನಲ್ಲಿ ತಮಗೆ ಸಿಕ್ಕುವ ಊಟ 'ಮಲ್ಲಿಗಟಾನಿ', ಇಲ್ಲವೇ ಗಂಜಿ ಎಂದು ಆತ ಅಲ್ಲಿ ಗೋಳಾಡಿಕೊಂಡಿದ್ದಾನೆ. ಮಲ್ಲಿಗಟಾನಿ ಎಂದರೆ ತಮಿಳಿನ ಮಿಳಗುತಣ್ಣೀರ್, ನಮ್ಮ ಮೆಣಸಿನ ಸಾರು. ಸೆರೆಯಾಳಿಗೆ ಶಿಕ್ಷೆಯಂತಿದ್ದ ಆ ಸಾರು ಮುಂದಿನ ಶತಮಾನದಲ್ಲಿ ಲಂಡನ್ನಿನ ಭೋಜನಕೂಟಗಳಲ್ಲಿ ಸೂಪಾಯಿತು. ಮದರಾಸು ಪ್ರಾಂತದ ಇಂಗ್ಲಿಷ್ ಅಧಿಕಾರಿಗಳಿಗೆ 'ಮಲ್ಸ್' ಎಂಬ ಅಡ್ಡಹೆಸರು ಬಂದದ್ದೂ ಇದರಿಂದಲೇ. ಮುಂಬಯಿಯವರಿಗೆ ಅಲ್ಲಿನ ಒಣಮೀನಿನಿಂದಾಗಿ 'ಡಕ್ಸ್' ಎಂದು ಹೆಸರು. ಆಳನ್ನು ಕರೆಯಲು ಸದಾ 'ಕೋಯಿ ಹೈ' ಎನ್ನುತ್ತಿದ್ದ ಬಂಗಾಳದವರಿಗೆ 'ಕ್ವಾಯ್ ಹಾಯ್' ಎಂದು ಹೆಸರು.

ವರಾಹದ ಮರ, ವಿಲಾಯಿತಿಯ ಹಂಬಲ

ಹಣದ ಮಾತು ಬಂದಾಗ ಆಡುಮಾತು ಇನ್ನಷ್ಟು ಚುರುಕಾಗುತ್ತದೆ. ಭಾರತಕ್ಕೆ ಬಂದು ಬೇಗನೆ ಸಿರಿವಂತನಾಗುವುದಕ್ಕೆ ಇಂಗ್ಲೆಂಡಿನಲ್ಲಿ 'ಪಗೋಡ ಮರ ಅಲುಗಿಸುವುದು' ಎಂಬ ನುಡಿಗಟ್ಟಿತ್ತು. ಪಗೋಡ ಎಂದರೆ ಇಲ್ಲಿ ಗುಡಿಯಲ್ಲ; ದಕ್ಷಿಣದ ಚಿನ್ನದ ನಾಣ್ಯ, ಅಂದರೆ ನಮ್ಮ ವರಾಹ ಅಥವಾ ಹೊನ್ನು. ವಿಜಯನಗರದ ಕಾಲದಿಂದ ಮೈಸೂರಿನವರೆಗೆ ಚಲಾವಣೆಯಲ್ಲಿದ್ದ ವರಾಹ, ಕೊಂಬೆ ಅಲುಗಿಸಿದರೆ ಉದುರುವ ಹಣ್ಣಿನಂತೆ ಅವರಿಗೆ ಕಂಡಿತು. ಮರ ಯಾರದು ಎಂಬ ಪ್ರಶ್ನೆಗೆ ಆ ನುಡಿಗಟ್ಟಿನಲ್ಲಿ ಜಾಗವಿಲ್ಲ. ಲೂಟಿ ಎಂಬ ಪದವೂ ಇಂಗ್ಲಿಷಿಗೆ ಇಲ್ಲಿಂದಲೇ ಹೋಯಿತು. ಭಕ್ಷೀಸು 'ಬಕ್ಷಿ'ಯಾಗಿ, ಬಿಟ್ಟಿಯಾಗಿ ಸಿಕ್ಕಿದ ವಸ್ತುವಿಗೆ ಇಂದಿಗೂ ಬ್ರಿಟಿಷ್ ಸೈನಿಕರ ಮಾತಿನಲ್ಲಿ ಉಳಿದಿದೆ.

ಆದರೆ ವರಾಹದ ಮರ ಸಾಮಾನ್ಯ ಸಿಪಾಯಿಯ ಕೈಗೆ ಎಟಕುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಊರು. ಅರಬ್ಬಿಯ ವಿಲಾಯತ್ ಎಂಬ ಪದದಿಂದ ಬಂದ ವಿಲಾಯಿತಿ ಇಲ್ಲಿನ ಜನರಿಗೆ ಪರದೇಶ, ಅದರಲ್ಲೂ ಇಂಗ್ಲೆಂಡ್. ಅದರ ಬಿಲಾಯತಿ ಎಂಬ ಉಚ್ಚಾರಣೆ ಸಿಪಾಯಿಗಳ ಬಾಯಲ್ಲಿ 'ಬ್ಲೈಟಿ' ಆಯಿತು. ಅಂದರೆ ನಾವು ಅವರ ದೇಶವನ್ನು ಪರದೇಶ ಎಂದು ಕರೆದ ಮಾತಿನಿಂದಲೇ ಅವರು ತಮ್ಮ ತಾಯ್ನಾಡನ್ನು ಕರೆದುಕೊಂಡರು. ಮೊದಲ ಮಹಾಯುದ್ಧದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥ ಸೇರಿತು. ಸಾಯಿಸದಷ್ಟು ಸಣ್ಣದಾದ, ಆದರೆ ಊರಿಗೆ ಕಳಿಸಲೇಬೇಕಾದಷ್ಟು ದೊಡ್ಡದಾದ ಗಾಯಕ್ಕೆ ಕಂದಕಗಳಲ್ಲಿದ್ದವರು 'ಬ್ಲೈಟಿ' ಎಂದರು. ಅಂಥ ಗಾಯಕ್ಕಾಗಿ ಹಂಬಲಿಸಿದವರೂ ಇದ್ದರು. ಖುಷಿಯಿಂದ ಬಂದ 'ಕುಶಿ', ಅಂದರೆ ಆರಾಮದ ಕೆಲಸ, ಹೆಚ್ಚು ಬಳಕೆಗೆ ಬಂದದ್ದೂ ಆ ಯುದ್ಧದಲ್ಲೇ.

ಊರಿಗೆ ಹೋಗಲಾಗದ ಸಂಕಟದಿಂದ ಹುಟ್ಟಿದ ಮಾತು 'ಡೂಲಾಲಿ'. ನಾಸಿಕದ ಬಳಿಯ ದೇವಲಾಲಿಯಲ್ಲಿ ಸೇನೆಯ ತಂಗುದಾಣವಿತ್ತು. ಸೇವೆ ಮುಗಿಸಿದ ಸಿಪಾಯಿಗಳು ಹಡಗಿಗಾಗಿ ಅಲ್ಲಿ ಕಾಯಬೇಕಾಗಿತ್ತು. ದಂಡಿನ ಹಡಗುಗಳು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದುದರಿಂದ ಕೆಲವರು ಬೇಸಗೆ, ಮಳೆಗಾಲ ಪೂರ್ತಿ ಕೆಲಸವಿಲ್ಲದೆ ಬಿಸಿಲಲ್ಲಿ ಬಿದ್ದಿರುತ್ತಿದ್ದರು. ತಲೆ ಕೆಟ್ಟವನಿಗೆ 'ದೇವಲಾಲಿ ತಾಪ' ಹತ್ತಿದೆ ಎನ್ನುವ ಮಾತು ಹೀಗೆ ಹುಟ್ಟಿತು. ಇಲ್ಲಿನ ತಾಪ ಜ್ವರ ಎಂಬ ಅರ್ಥದ ನಮ್ಮ ತಾಪವೇ. ಬ್ರಿಟನ್ನಿನಲ್ಲಿ ಇವತ್ತಿಗೂ ಹುಚ್ಚುಹುಚ್ಚಾಗಿ ಆಡುವವನು 'ಡೂಲಾಲಿ'.

ಎಲ್ಲ ವ್ಯುತ್ಪತ್ತಿಗಳನ್ನೂ ನಂಬುವಂತಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 'ಒಂದು ಡ್ಯಾಮಿನಷ್ಟೂ ಲೆಕ್ಕಿಸುವುದಿಲ್ಲ' ಎಂಬ ಇಂಗ್ಲಿಷ್ ಮಾತು ಮೊಗಲರ 'ದಾಮ್' ಎಂಬ ತಾಮ್ರದ ನಾಣ್ಯದಿಂದ ಬಂದಿರಬಹುದೆಂದು 'ಹಾಬ್ಸನ್-ಜಾಬ್ಸನ್' ಸೂಚಿಸಿತು. ಕೇಳಲು ಚೆನ್ನಾಗಿದೆ. ಆದರೆ ಅದು ಇಂಗ್ಲಿಷಿನ ಶಾಪದ ಮಾತೇ ಹೊರತು ನಮ್ಮ ದುಡ್ಡಲ್ಲ ಎಂದು ಆಕ್ಸ್‌ಫರ್ಡ್ ನಿಘಂಟಿನವರು ತಳ್ಳಿಹಾಕಿದರು. ಹೋಲಿಕೆಯೊಂದೇ ಸಾಕ್ಷಿಯಾಗದು.

ಪಕ್ಕಾ, ಛೀ ಮತ್ತು ಕೂಲಿ

ಇಲ್ಲಿಯವರೆಗಿನ ಮಾತುಗಳು ನಗೆ ತರಿಸುವಂಥವು. ಆದರೆ ಅದೇ ಸಿಪಾಯಿಗಳು, ಅದೇ ಅಧಿಕಾರಿಗಳು ಮನುಷ್ಯರಿಗೆ ಬೆಲೆ ಕಟ್ಟುವುದಕ್ಕೂ ಇಲ್ಲಿನ ಪದಗಳನ್ನೇ ಬಳಸಿದರು.

ಪಕ್ಕಾ ಎಂದರೆ ಹಣ್ಣಾದದ್ದು, ಬೆಂದದ್ದು, ಗಟ್ಟಿಯಾದದ್ದು. ಸಂಸ್ಕೃತದ ಪಕ್ವಕ್ಕೂ ಇದಕ್ಕೂ ನಂಟಿದೆ. ಸುಟ್ಟ ಇಟ್ಟಿಗೆಯ ಮನೆ ಪಕ್ಕಾ, ಮಣ್ಣಿನದು ಕಚ್ಚಾ. ಇಂಗ್ಲಿಷರು ಇದನ್ನು ಮನುಷ್ಯರಿಗೆ ಹಚ್ಚಿ 'ಪಕ್ಕಾ ಸಾಹಿಬ್' ಎಂದರು. ಹುಟ್ಟು, ಬಣ್ಣ, ಉಚ್ಚಾರಣೆ ಎಲ್ಲದರಲ್ಲೂ ಅಪ್ಪಟನಾದವನು ಎಂದು ಅರ್ಥ. 1999ರ ಹೊತ್ತಿಗೆ ಬ್ರಿಟಿಷ್ ಟಿ.ವಿ.ಯಲ್ಲಿ ಅಡುಗೆ ಮಾಡಿ ತೋರಿಸುತ್ತಿದ್ದ ಜೇಮೀ ಆಲಿವರ್ ರುಚಿಯಾದದ್ದನ್ನೆಲ್ಲ 'ಪಕ್ಕಾ' ಎಂದು ಹೊಗಳತೊಡಗಿದ ಮೇಲೆ ಆ ಪದದ ಹಳೆಯ ಜಂಬ ಬಹಳಷ್ಟು ಇಳಿದುಹೋಯಿತು.

ಪಕ್ಕಾ ಅಲ್ಲದವರಿಗೆ ಇದ್ದ ಮಾತು 'ಚೀ ಚೀ'. ಯುರೋಪಿಯನ್ ತಂದೆ, ಭಾರತೀಯ ತಾಯಿಯ ವಂಶದವರಾದ ಆಂಗ್ಲೋ ಇಂಡಿಯನ್ನರನ್ನೂ ಅವರ ಇಂಗ್ಲಿಷ್ ಉಚ್ಚಾರಣೆಯನ್ನೂ ಹೀಗೆ ಹಳಿಯುತ್ತಿದ್ದರು. ಇದು ನಾವು ಅಸಹ್ಯಪಟ್ಟಾಗ ಹೇಳುವ 'ಛೀ' ಎಂಬುದರಿಂದಲೇ ಬಂದದ್ದೆಂದು ಹಳೆಯ ನಿಘಂಟು ಹೇಳುತ್ತದೆ. ತಮ್ಮದೇ ರಕ್ತದವರನ್ನು ದೂರವಿಡಲು ಅವರು ನಮ್ಮ ಛೀಕಾರವನ್ನು ಎರವಲು ಪಡೆದರು. ಎರಡು ಕಡೆಗೂ ಸಲ್ಲದೆ ನೊಂದ ಈ ಜನರಿಗೆ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಭೂಮಿ ಕೊಟ್ಟರು. 1882ರಲ್ಲಿ ಅಲ್ಲಿ ನೆಲೆಗೊಂಡ ವಸಾಹತಿಗೆ ಅವರ ಸಂಘದ ನಾಯಕ ಡಿ.ಎಸ್. ವೈಟ್ ಅವರ ಹೆಸರಿನಿಂದ ವೈಟ್‌ಫೀಲ್ಡ್ ಎಂದು ಹೆಸರಾಯಿತು.

ಎಲ್ಲಕ್ಕಿಂತ ಭಾರವಾದ ಪದ ಕೂಲಿ. ಕನ್ನಡದಲ್ಲಿ, ತಮಿಳಿನಲ್ಲಿ ಕೂಲಿ ಎಂದರೆ ದುಡಿಮೆಗೆ ಸಲ್ಲುವ ಹಣ. ಕೂಲಿ ಕೊಡಬೇಕು, ಕೂಲಿ ಸಿಗಬೇಕು. ಅದರಲ್ಲಿ ಒಂದು ಹಕ್ಕಿನ ಧ್ವನಿಯಿದೆ. ಇಂಗ್ಲಿಷಿಗೆ ಹೋದ ಮೇಲೆ ಹಣ ಜಾರಿಹೋಗಿ ಮನುಷ್ಯ ಉಳಿದ. ದುಡಿಯುವವನೇ 'ಕೂಲಿ' ಆದ. 1860ರಲ್ಲಿ ನೇಟಾಲಿಗೆ, 1879ರಲ್ಲಿ ಫಿಜಿಗೆ ಕರಾರಿನ ಮೇಲೆ ಭಾರತೀಯರನ್ನು ಹಡಗಿನಲ್ಲಿ ಸಾಗಿಸತೊಡಗಿದ ಮೇಲೆ ಆ ಪದ ದುಡಿಯುವವನನ್ನೂ ಬಿಟ್ಟು ಇಡೀ ಜನಾಂಗಕ್ಕೆ ಅಂಟಿತು. ದಕ್ಷಿಣ ಆಫ್ರಿಕದಲ್ಲಿ ಭಾರತೀಯ ವ್ಯಾಪಾರಿಯೂ ಕೂಲಿ, ಉಪಾಧ್ಯಾಯನೂ ಕೂಲಿ. ಗಾಂಧೀಜಿಯವರನ್ನು ಅಲ್ಲಿ 'ಕೂಲಿ ಬ್ಯಾರಿಸ್ಟರ್' ಎನ್ನುತ್ತಿದ್ದರೆಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈಗ ಆ ದೇಶಗಳಲ್ಲಿ ಇದು ಸಭ್ಯರು ಆಡದ ಬೈಗುಳ. ಸಂಬಳದ ಹೆಸರೊಂದು ಸಮುದ್ರ ದಾಟಿ ಅವಮಾನದ ಹೆಸರಾಯಿತು.

ಮರಳಿ ಬಂದವು, ಇಲ್ಲೇ ಉಳಿದವು

ಕನ್ನಡವೂ ಕೈಕಟ್ಟಿ ಕೂರಲಿಲ್ಲ. ಇಂಗ್ಲಿಷಿನ ಬೆಟಾಲಿಯನ್ ದಕ್ಷಿಣದ ಭಾಷೆಗಳಲ್ಲಿ ಪಟಾಲಂ ಆಯಿತು. ಒಂದು ಕಾಲಕ್ಕೆ ಊರನ್ನು ನಡುಗಿಸಿದ ಸೇನೆಯ ಹೆಸರು ಇವತ್ತು ಬೀದಿಯಲ್ಲಿ ಗದ್ದಲ ಮಾಡುವ ಹುಡುಗರ ಗುಂಪಿಗೆ ಸಲ್ಲುತ್ತದೆ. ಪಲ್ಟನ್ನಿನ ಮೇಲೆ ಕನ್ನಡದ ಆಡುಮಾತು ತೀರಿಸಿಕೊಂಡ ಸೇಡು ಎಂದರೂ ಸರಿಯೇ.

ಟಿಫಿನ್ನಿನ ಕಥೆ ಬೇರೆ. ಅದನ್ನು ಭಾರತದ ಪದವೆಂದೇ ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಇಂಗ್ಲೆಂಡಿನ ಅಪ್ಪಟ ಬೀದಿಮಾತು. ಫ್ರಾನ್ಸಿಸ್ ಗ್ರೋಸ್ ಎಂಬಾತ 1785ರಲ್ಲಿ ಪ್ರಕಟಿಸಿದ ಗ್ರಾಮ್ಯ ಪದಗಳ ನಿಘಂಟಿನಲ್ಲಿ 'ಟಿಫಿಂಗ್' ಎಂದರೆ ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ಎಂದಿದೆ. ತವರಿನಲ್ಲಿ ಆ ಪದ ಮರೆಯಾಯಿತು. ಭಾರತಕ್ಕೆ ಬಂದ ಇಂಗ್ಲಿಷರು ಅದನ್ನು ಮಧ್ಯಾಹ್ನದ ಲಘು ಊಟಕ್ಕೆ ಇಟ್ಟುಕೊಂಡರು. ನಾವು ದೋಸೆ, ಇಡ್ಲಿ, ಉಪ್ಪಿಟ್ಟಿಗೆ ಹಚ್ಚಿದೆವು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಫಲಕದಲ್ಲಿರುವುದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಆಡುಮಾತು ಎಂದರೆ ಅಲ್ಲಿ ಮಸಾಲೆ ದೋಸೆಗೆ ಕಾದು ಕುಳಿತವರು ನಂಬುವುದು ಕಷ್ಟ.

ಕಟ್ಟೆಮಳಲವಾಡಿಯಲ್ಲಿ ಇಂಥ ಕೊಡುಕೊಳೆ ಇನ್ನೂ ನಿಂತಿಲ್ಲ. ಊರಿನಲ್ಲಿ ವರ್ಜೀನಿಯಾ ತಂಬಾಕಿನ ಹರಾಜು ಮಾರುಕಟ್ಟೆ ಇದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ರೈತರು ಎಲೆ ಬೇಯಿಸುವ ಮನೆಗೆ 'ಬ್ಯಾರನ್' ಎನ್ನುತ್ತಾರೆ. ಇದು ಇಂಗ್ಲಿಷಿನ ಬಾರ್ನ್, ಅಂದರೆ ಕಣಜ. ಇಂಗ್ಲಿಷಿನಲ್ಲಿ ಬ್ಯಾರನ್ ಎಂದರೆ ಒಂದು ದರ್ಜೆಯ ಶ್ರೀಮಂತ ಪ್ರಭು! ಈ ಎಲೆಯಿಂದಾಗುವ ಸಿಗರೇಟಿಗೆ ಬ್ರಿಟನ್ನಿನ ಆಡುಮಾತು 'ಫ್ಯಾಗ್'. ಬಟ್ಟೆಯ ಕೊನೆಯ ಒರಟು ತುದಿಗೆ ಇದ್ದ ಪದವದು. ಸೇದಿ ಉಳಿದ ತುಂಡಿಗೂ ಆಮೇಲೆ ಇಡೀ ಸಿಗರೇಟಿಗೂ ಬಂತು. ಅಗ್ಗದ ಸಿಗರೇಟು 'ಗ್ಯಾಸ್ಪರ್', ಉಸಿರು ಕಟ್ಟಿಸುವಂಥದ್ದು. ಚುಟ್ಟಕ್ಕೆ ಅವರು ಹೇಳುವ 'ಚೆರೂಟ್' ಮಾತ್ರ ಮತ್ತೆ ನಮ್ಮ ಕಡೆಯದೇ: ತಮಿಳಿನ ಸುರುಟ್ಟು, ಕನ್ನಡದ ಸುರುಟುವುದು, ಸುರುಳಿ ಎಂಬ ಮಾತುಗಳ ಬಳಗದ್ದು.

ತಂಬಾಕಿನ ಎಲೆ ಬಿಡಿಸಲು, ಕೋಲಿಗೆ ಕಟ್ಟಲು, ಬ್ಯಾರನ್ನಿಗೆ ಏರಿಸಲು ಈ ಸೀಮೆಯ ಹೆಂಗಸರೂ ಗಂಡಸರೂ ಹೋಗುವುದು ಕೂಲಿಗೇ. ಇಲ್ಲಿ ಆ ಪದಕ್ಕೆ ಯಾವ ಕಳಂಕವೂ ತಟ್ಟಿಲ್ಲ. ದರ್ಬಾನಿನಲ್ಲಿ ಯಾರಿಗಾದರೂ ಅಂದರೆ ಜಗಳವೇ ಆಗುವ ಮಾತು ಲಕ್ಷ್ಮಣತೀರ್ಥದ ದಡದಲ್ಲಿ ಸಂಜೆ ಸೆರಗಿಗೆ ಗಂಟು ಹಾಕಿಕೊಳ್ಳುವ ಹಣ. ಪದಕ್ಕೆ ತನ್ನದೇ ಆದ ಜಾತಿಯಿಲ್ಲ; ಆಡುವವನು ಯಾರು, ಆಡಿಸಿಕೊಳ್ಳುವವನು ಯಾರು ಎಂಬುದರ ಮೇಲೆ ಅದಕ್ಕೆ ಮಾನವೋ ಅವಮಾನವೋ ಬರುತ್ತದೆ. ಬ್ರಿಟಿಷರ ಆಡುಮಾತಿನ ಅರ್ಥ ಹುಡುಕುವವರು ನಿಘಂಟಿನ ಜೊತೆಗೆ ಇದನ್ನೂ ನೋಡಬೇಕು. ಇಂಗ್ಲಿಷಿಗೆ ಹೋದ ಕೂಲಿಯಲ್ಲಿ ಹಣ ಉದುರಿಹೋಯಿತು. ಇಲ್ಲಿ ಉಳಿದ ಕೂಲಿಯಲ್ಲಿ ಅದು ಇನ್ನೂ ಇದೆ. ಸಾಲದೆ ಬಂದಾಗ ಕೇಳಿ ಪಡೆಯುವ ಹಕ್ಕೂ ಇದೆ.